ಅವನು ಯಾಕೆ ಬರಲಿಲ್ಲ?

‘ಪಕ್ಕದ ಮನೆಯ ಗೆಳೆಯರು ತೀರಿಕೊಂಡರು. ನ್ಯೂಜೆರ್ಸಿಯಲ್ಲಿರುವ ಒಬ್ಬನೇ ಮಗ ಬರಲಿಲ್ಲ. ಕೊಳ್ಳಿ ಇಟ್ಟವನು ಅವರ ಅಣ್ಣನ ಮಗ. ಡಾಲರ್ ಕಂಡವರಿಗೆ ಹೆತ್ತವರು ಕಾಣುವುದಿಲ್ಲ. ಇಂಥವರನ್ನು ನಿಮ್ಮ ಪತ್ರಿಕೆ ಯಾಕೆ ಖಂಡಿಸುವುದಿಲ್ಲ?’
– ನಿವೃತ್ತ ಶಿಕ್ಷಕರೊಬ್ಬರು, ಮೈಸೂರು

ಮೇಷ್ಟ್ರೇ, ಗೆಳೆಯರನ್ನು ಕಳೆದುಕೊಂಡ ನಿಮ್ಮ ಸಂಕಟ ಅರ್ಥವಾಗುತ್ತದೆ. ಹೆತ್ತವರನ್ನು ನಿಜಕ್ಕೂ ಮರೆತ ಮಕ್ಕಳೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನೀವು ಕೇಳಿದ ಖಂಡನೆಯನ್ನು ನಾನು ಬರೆಯಲಾರೆ. ಆ ಹುಡುಗನ ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಯಾವತ್ತು ಮುಗಿದಿತ್ತು ಎಂದು ವಿಚಾರಿಸಿದ್ದೀರಾ? ಉತ್ತರಪತ್ರಿಕೆ ಓದದೆ ಅಂಕ ಹಾಕಿದವರಲ್ಲ ನೀವು.

ಅಮೆರಿಕದಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡಲು ಕೊಡುವ ಎಚ್‌-1ಬಿ ವೀಸಾದವರು ಅಲ್ಲಿದ್ದುಕೊಂಡೇ ಕೆಲಸದ ಅನುಮತಿಯನ್ನು ಮುಂದುವರಿಸಿಕೊಳ್ಳಬಹುದು. ಆದರೆ ಪಾಸ್‌ಪೋರ್ಟಿನ ಮುದ್ರೆ ಹಳತಾಗಿದ್ದರೆ, ಒಮ್ಮೆ ಊರಿಗೆ ಹೊರಟವನು ಹೊಸ ಮುದ್ರೆ ಇಲ್ಲದೆ ವಾಪಸು ಹೋಗುವಂತಿಲ್ಲ. ಕನ್ನಡಿಗರು ಅದಕ್ಕಾಗಿ ಅಮೆರಿಕದ ಕಾನ್ಸುಲೇಟ್ ಕಚೇರಿ ಇರುವ ಚೆನ್ನೈಗೋ ಹೈದರಾಬಾದಿಗೋ ಓಡುತ್ತಾ ಬಂದಿದ್ದಾರೆ. ತುರ್ತು ಸಂದರ್ಶನ ಕೇಳಬಹುದು, ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಸಿಕ್ಕಿದರೂ ‘221 (ಜಿ)’ ಎಂಬ ಚೀಟಿ ಕೈಗೆ ಬಂದರೆ ಇನ್ನಷ್ಟು ಪರಿಶೀಲನೆ ಎಂದರ್ಥ. ಅದು ವಾರಗಳಲ್ಲಿ ಮುಗಿಯುತ್ತದೋ ತಿಂಗಳುಗಳೇ ಹಿಡಿಯುತ್ತವೋ ಯಾರೂ ಹೇಳುವುದಿಲ್ಲ. ಅಷ್ಟರಲ್ಲಿ ಅಲ್ಲಿನ ಕೆಲಸ ಹೋದರೆ? ಹೆಂಡತಿ, ಶಾಲೆಯಲ್ಲಿರುವ ಮಕ್ಕಳು, ಮನೆ ಸಾಲ ಎಲ್ಲ ಅಲ್ಲೇ ಇರುತ್ತವೆ.

ಹಾಗಾದರೆ ಅಲ್ಲೇ ಕಾಯಂ ನೆಲೆಸಲು ಬಿಡುವ ಗ್ರೀನ್ ಕಾರ್ಡ್ ಮಾಡಿಸಿಕೊಳ್ಳಬಾರದಿತ್ತೇ ಎನ್ನುತ್ತೀರಿ. 1990ರ ಕಾನೂನಿನ ಪ್ರಕಾರ ಉದ್ಯೋಗದ ಆಧಾರದ ಮೇಲೆ ಕೊಡುವುದು ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ 7ರ ಮಿತಿ. ಐಸ್‌ಲ್ಯಾಂಡಿಗೂ ಭಾರತಕ್ಕೂ ಒಂದೇ ಅಳತೆ. ಹೆಚ್ಚು ಓದಿದವರಿಗೆಂದೇ ಇರುವ ವರ್ಗದಲ್ಲೂ 2025ರಲ್ಲಿ ಸರದಿ ಬಂದದ್ದು 2012–13ರಲ್ಲಿ ಅರ್ಜಿ ಹಾಕಿದ ಭಾರತೀಯರಿಗೆ. ಕಾಯುತ್ತಿರುವಾಗಲೇ ಮಗನಿಗೆ 21 ತುಂಬಿದರೆ ಅವನು ಅಪ್ಪನ ಅರ್ಜಿಯಿಂದ ಹೊರಗೆ ಬೀಳಬಹುದು. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ.

ಗಂಡ ಸತ್ತರೆ? 2017ರ ಫೆಬ್ರುವರಿ 22ರಂದು ಕಾನ್ಸಾಸ್‌ನಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಅವರನ್ನು ಗುಂಡಿಟ್ಟು ಕೊಂದದ್ದು ನಿಮಗೆ ನೆನಪಿರಬಹುದು. ಅವರ ಜೀವದ ಜೊತೆಗೆ ಅವರ ಹೆಂಡತಿಗೆ ಅಲ್ಲಿರುವ ಹಕ್ಕೂ ಹೋಯಿತು. ಅಂತ್ಯಕ್ರಿಯೆಗೆಂದು ಹೈದರಾಬಾದಿಗೆ ಬಂದ ಆಕೆ ತಮ್ಮ ಮನೆಗೆ ಮರಳಲು ಅಲ್ಲಿನ ಸಂಸದರೊಬ್ಬರು ಮುಂದೆ ನಿಂತು ಸಹಾಯ ಮಾಡಬೇಕಾಯಿತು.

ಇವು ಕಾಗದಪತ್ರದ ಕಷ್ಟ. ಇನ್ನು ಮನೆಯೊಳಗಿನದು. ಬಾಣಂತನಕ್ಕೆಂದು ತಾಯಿ ಹೋಗುತ್ತಾಳೆ. ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ಅವಳು ಹೊರಟ ಮೇಲೆ ಅತ್ತೆ. ಅವರೂ ಹೊರಟ ಮೇಲೆ ನಡುರಾತ್ರಿ ಮಗುವಿಗೆ ಜ್ವರ ಬಂದರೆ ಎಬ್ಬಿಸಲು ಯಾರೂ ಇಲ್ಲ. ಟೆಕ್ಸಾಸಿನಲ್ಲಿರುವ ತೀರ್ಥಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ನನ್ನಲ್ಲಿ ಹೇಳಿಕೊಂಡಿದ್ದಳು: ಮಗಳ ಶಾಲೆಯ ಫಾರಂನಲ್ಲಿ ‘ಅಪ್ಪ ಅಮ್ಮ ಸಿಗದಿದ್ದರೆ ಯಾರಿಗೆ ಫೋನ್ ಮಾಡಬೇಕು’ ಎಂದಿದ್ದಲ್ಲಿ ಬರೆಯಲು ಒಂದು ಹೆಸರೂ ಇರಲಿಲ್ಲವಂತೆ. ಕೊನೆಗೆ ದಿನಸಿ ಅಂಗಡಿಯ ಗುಜರಾತಿ ಹೆಂಗಸಿನ ಹತ್ತಿರ ಕೇಳಿ ಅವರ ನಂಬರ್ ಬರೆದಳು. ಎಂ.ಟೆಕ್. ಓದಿದವಳು, ಗಂಡನ ಅವಲಂಬಿತೆಯಾಗಿ ಹೋದದ್ದರಿಂದ ವರ್ಷಗಟ್ಟಲೆ ದುಡಿಯುವಂತಿರಲಿಲ್ಲ. ಇಂಥ ಹೆಂಡತಿಯರಲ್ಲಿ ಕೆಲವರಿಗಾದರೂ ಅನುಮತಿ ಸಿಕ್ಕಿದ್ದು 2015ರಲ್ಲಿ. ತೌರಿಗೆ ಇದ್ಯಾವುದನ್ನೂ ಅವಳು ಹೇಳಿಲ್ಲ. ‘ಎಲ್ಲ ಆರಾಮಮ್ಮ’ ಎಂದು ಫೋನ್ ಇಡುತ್ತಾಳೆ. ಹೇಳಿದರೆ ‘ಹೋಗು ಅಂದವರ್ಯಾರು?’ ಎನ್ನುತ್ತೇವೆಂದು ಅವಳಿಗೆ ಗೊತ್ತು. ಮೇಷ್ಟ್ರೇ, ಹೋಗು ಎಂದವರು ನಾವೇ. ಮದುವೆ ಮಾತುಕತೆಯಲ್ಲಿ ‘ಹುಡುಗ ಅಮೆರಿಕದಲ್ಲಿದ್ದಾನೆ’ ಎಂದು ಬೀಗಿದವರೂ ನಾವೇ.

ನಮ್ಮ ಪತ್ರಿಕೆಗಳ ಮೇಲೂ ನನಗೆ ಸಿಟ್ಟಿದೆ. ಅಮೆರಿಕದಲ್ಲಿ ದೊಡ್ಡ ಕಂಪನಿಯ ಮುಖ್ಯಸ್ಥನಾದವನ ಫೋಟೊ ಮುಖಪುಟಕ್ಕೆ ಬರುತ್ತದೆ, ಅಲ್ಲಿನ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನಕ್ಕೆ ಹಾರಿದ ಮಂತ್ರಿಗಳ ಪಟ್ಟಿ ಒಳಪುಟಕ್ಕೆ. ಕೆಲಸ ಹೋಗಿ ದಿನ ಎಣಿಸುತ್ತಿರುವವನಿಗೆ ಜಾಗವಿಲ್ಲ. ಭಟ್ಕಳ, ಉಡುಪಿಯಿಂದ ಗಲ್ಫಿಗೆ ಹೋಗಿ, ಅರ್ಧ ಆಯಸ್ಸು ಅಲ್ಲೇ ಸವೆಸಿದರೂ ಪೌರತ್ವದ ಆಸೆ ಇಟ್ಟುಕೊಳ್ಳಲಾಗದೆ ಮರಳುವವರನ್ನು ಯಾರು ಮಾತಾಡಿಸಿದ್ದಾರೆ? ಅಷ್ಟು ದೂರವೇಕೆ, ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದು, ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿದ್ದುಕೊಂಡು ನಮ್ಮ ಅಪಾರ್ಟ್‌ಮೆಂಟುಗಳನ್ನು ಕಟ್ಟುವವರಿದ್ದಾರೆ. ಊರಲ್ಲಿ ತಾಯಿ ತೀರಿಕೊಂಡಾಗ, ಮೇಸ್ತ್ರಿಯ ಮುಂಗಡ ತೀರಿಲ್ಲವೆಂದು ಹೋಗಲಾಗದೆ ಉಳಿದವರು ಅವರಲ್ಲೂ ಇದ್ದಾರೆ. ಅವರು ಸುದ್ದಿಯಾಗುವುದು ಗೋಡೆ ಕುಸಿದ ದಿನ ಮಾತ್ರ.

ಆದ್ದರಿಂದ ಮುಂದಿನ ಸಂಚಿಕೆಯಿಂದ ಎರಡು ಪುಟ ಊರು ಬಿಟ್ಟವರಿಗೆ ಮೀಸಲು. ಎಲ್ಲಿದ್ದರೂ ಬರೆಯಿರಿ, ಹೆಸರು ಬೇಡವೆಂದರೆ ಹಾಕುವುದಿಲ್ಲ. ಬರೆಯಲು ಬಾರದವರ ಶೆಡ್ಡಿಗೆ ನಮ್ಮ ವರದಿಗಾರರೇ ಬರುತ್ತಾರೆ.
– ಸಂ.