ಕಾರ್ಬೊನಿಲ್ ಸಲ್ಫೈಡ್: ಕಡಲಿನಿಂದ ಕಾರ್ಖಾನೆಯವರೆಗೆ

ಪ್ರಶ್ನೆ: ಕಾರ್ಬೊನಿಲ್ ಸಲ್ಫೈಡ್ ಎಲ್ಲಿಂದ ಬರುತ್ತದೆ? ಕಾರ್ಖಾನೆಗಳು ಅದನ್ನು ಏಕೆ ನಿವಾರಿಸುತ್ತವೆ?

ಉತ್ತರ: ಕಾರ್ಬನ್ ಡೈಆಕ್ಸೈಡಿನ ಒಂದು ಆಮ್ಲಜನಕ ಪರಮಾಣುವಿನ ಸ್ಥಾನದಲ್ಲಿ ಗಂಧಕವಿರುವ ಈ ಅಣು ಸರಳರೇಖೆಯಂತಿದ್ದು, ಅನಿಲವು ಬಣ್ಣರಹಿತ, ದಹ್ಯ ಹಾಗೂ ವಿಷಕಾರಿ. ಸಾಗರ, ಜ್ವಾಲಾಮುಖಿ, ಜೈವಿಕ ವಸ್ತುಗಳ ದಹನ ಮತ್ತು ಕೈಗಾರಿಕೆಗಳು ಇದರ ಮೂಲಗಳು. ವಾಯುಮಂಡಲದಲ್ಲಿ ಲಕ್ಷ ಕೋಟಿ ಅಣುಗಳಿಗೆ ಸುಮಾರು 500ರಷ್ಟೇ ಇದ್ದರೂ, ಅಲ್ಲಿನ ಗಂಧಕಯುಕ್ತ ಅನಿಲಗಳಲ್ಲಿ ಇದೇ ಹೇರಳ. ಎಲೆಗಳು ಇದನ್ನು ಕಾರ್ಬನ್ ಡೈಆಕ್ಸೈಡಿನೊಡನೆ ಪತ್ರರಂಧ್ರಗಳ ಮೂಲಕ ಒಳಗೆಳೆದುಕೊಂಡು ಬಹುಪಾಲು ಹಿಂದಿರುಗಿಸದ ಕಾರಣ, ದ್ಯುತಿಸಂಶ್ಲೇಷಣೆಯನ್ನು ಅಂದಾಜಿಸಲು ವಿಜ್ಞಾನಿಗಳು ಇದನ್ನು ಬಳಸುತ್ತಾರೆ. ನನ್ನ ಮಟ್ಟಿಗೆ ಇದರ ಅತ್ಯಂತ ಅಮೂಲ್ಯ ಉಪಯೋಗವೇ ಇದು.

ಕಲ್ಲಿದ್ದಲಿನಿಂದ ತಯಾರಿಸಿದ ಅನಿಲದಲ್ಲಿ ಇದು ಉಳಿದರೆ ಮುಂದಿನ ಹಂತಗಳ ವೇಗವರ್ಧಕಗಳನ್ನು (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳನ್ನು) ಕೆಡಿಸುತ್ತದೆ. ಆದ್ದರಿಂದ ಅಲ್ಯೂಮಿನಾದಂತಹ (ಅಲ್ಯೂಮಿನಿಯಂ ಆಕ್ಸೈಡಿನಂತಹ) ವೇಗವರ್ಧಕದ ಮೇಲೆ ನೀರಾವಿಯೊಡನೆ ವರ್ತಿಸಲು ಬಿಟ್ಟು, ಸುಲಭವಾಗಿ ಬೇರ್ಪಡಿಸಬಹುದಾದ ಹೈಡ್ರೋಜನ್ ಸಲ್ಫೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತಾರೆ. ಆದರೆ ಥಯೋಕಾರ್ಬಮೇಟ್ ಎಂಬ ಗಂಧಕಯುಕ್ತ ಕಳೆನಾಶಕಗಳ ತಯಾರಿಕೆಯಲ್ಲಿ ಇದು ಒಂದು ಕಚ್ಚಾವಸ್ತು.