ಶವರ್ ಗೋಡೆಯ ತೇವ: ಬಣ್ಣಕ್ಕಿಂತ ಮೊದಲು ಮಾಡಬೇಕಾದ್ದು
ಶವರ್ ಗೋಡೆಯ ಆಚೆ ಬದಿ, ಬೆಡ್‌ರೂಮ್ ಕಡೆ ಬಣ್ಣ ಉದುರುತ್ತಿದೆ, ಶವರ್ ಕೆಳಗಿನ ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಅಂದರೆ, ಹೆಚ್ಚಾಗಿ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಮಿಶ್ರಣ) ಬಿರುಕು ಬಿಟ್ಟು ನೀರು ಒಳಗಿಳಿದಿದೆ. ಗೋಡೆಯೊಳಗಿನ ಪೈಪೂ ಸೋರುತ್ತಿರಬಹುದು. ನೋಡದೆ ಖಚಿತ ಹೇಳಲಾರೆ. ನಾಲ್ಕೈದು ದಿನ ಅಲ್ಲಿ ಸ್ನಾನ ಮಾಡಬೇಡಿ. ಆದರೂ ತೇವ ಹರಡಿದರೆ ಪೈಪಿನ ಮೇಲೇ ಅನುಮಾನ, ಪ್ಲಂಬರ್ ಕರೆಸಿ ಪ್ರೆಶರ್ ಟೆಸ್ಟ್ (ಪೈಪಿಗೆ ಒತ್ತಡ ಕೊಟ್ಟು ಸೋರಿಕೆ ನೋಡುವುದು) ಮಾಡಿಸಿ.

ಆಮೇಲೆ ಟೊಳ್ಳು ಟೈಲ್ಸ್ ತೆಗೆಸಿ, ಸಡಿಲ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ. ಗೋಡೆ ಚೆನ್ನಾಗಿ ಒಣಗಲಿ, ಎರಡು ವಾರವಾದರೂ ಬಿಡಿ. ಮೇಸ್ತ್ರಿ ಅವಸರ ಮಾಡುತ್ತಾರೆ, ಒಪ್ಪಬೇಡಿ. ಹೊಸ ಗಾರೆ ಗಟ್ಟಿಯಾದ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟು, ಶವರ್‌ಗಿಂತ ಮೇಲಿನವರೆಗೆ. ಅದರ ಮೇಲೆ ಟೈಲ್ಸ್ ಕೂರಿಸಿ, ಸಂದಿಗೆ ಎಪಾಕ್ಸಿ ಗ್ರೌಟ್ (ಸಿಮೆಂಟಿನ ಬದಲು ರಾಳದಿಂದ ಮಾಡಿದ ಗ್ರೌಟ್) ಹಾಕಿಸಿ. ಸುಮ್ನೆ ವೈಟ್ ಸಿಮೆಂಟ್ ತುಂಬಿದರೆ ಮತ್ತೆ ಬಿರುಕು ಬಿಡುತ್ತದೆ. ಬೆಡ್‌ರೂಮ್ ಬಣ್ಣ ಎಲ್ಲಕ್ಕಿಂತ ಕೊನೆಗೆ.