‘ಡಬ್ಬಿ ಎಲ್ಲಿ ಕುಂತು ಉಣ್ಣೂದ್ರಿ, ಮೇಡಂ?’

ಇವಳನ್ನು ಸುಮಾ ಅನ್ನೋಣ. ನಿಜವಾದ ಹೆಸರು ಅದಲ್ಲ. ಅವಳ ಊರಿನ ಹೆಸರು ಹೇಳದೆ ಬಿಟ್ಟಿದ್ದೇನೆ, ಗುರುತು ಹತ್ತುವಂಥ ಇನ್ನೆರಡು ಸಂಗತಿ ಬದಲಿಸಿದ್ದೇನೆ. 2023ರಲ್ಲಿ ಬಿ.ಕಾಂ. ಮುಗಿಸಿ, ಧಾರವಾಡದ ಸಪ್ತಾಪುರದ ಒಂದು ಪಿಜಿಯಲ್ಲಿದ್ದು ಕೆಎಎಸ್‌ಗೆ ಓದುತ್ತಿದ್ದಳು. ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದದ್ದು 2024ರ ಅಕ್ಟೋಬರಿನಲ್ಲಿ, ಹೊಟ್ಟೆನೋವು ಅಂತ. ಡಾಕ್ಟರು ಎಲ್ಲ ನೋಡಿ, ಏನೂ ಇಲ್ಲ, ಒಮ್ಮೆ ಇವರ ಹತ್ತಿರ ಮಾತಾಡು ಅಂತ ಕಳಿಸಿದ್ದರು.

ಆ ನೋವು ಕೆಲಸದ ಸಂದರ್ಶನ ಇದ್ದ ದಿನ ಮಾತ್ರ ಬರುತ್ತಿತ್ತು. ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿಗೆ ಎರಡು ಸಲ ಹೊರಟಿದ್ದಳು. ಎರಡೂ ಸಲ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ, ದಾರಿಯಲ್ಲಿ ಸಿಗುವ ನವನಗರದ ತನಕ ಹೋಗಿ, ಇಳಿದು, ಎದುರಿನ ಬಸ್ ಹಿಡಿದು ವಾಪಸ್. ಮನೆಗೆ ಫೋನ್ ಮಾಡಿ ಹೇಳಿದ್ದು, ‘ಬ್ಯಾರೆಯವರನ್ನ ತಗೊಂಡಾರಂತ.’

ನಿದ್ದೆ, ಊಟ, ಸಾಯುವ ಯೋಚನೆ ಏನಾದರೂ ಇದೆಯಾ ಅಂತ ಮೊದಲೇ ಕೇಳಿಕೊಂಡೆ. ಇರಲಿಲ್ಲ. ಇದ್ದಿದ್ದರೆ ಮುಂದೆ ಹೇಳುವ ಸಲಹೆ ಕೊಡುತ್ತಲೇ ಇರಲಿಲ್ಲ, ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಟೆಲಿ ಮಾನಸ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 14416ಕ್ಕೆ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಇಂಥವರು ನನಗೆ ಹೊಸಬರಲ್ಲ. ಹೆಚ್ಚಿನವರದು ಒಂದೇ ಮಾತು, ‘ಓದಾಕತ್ತೇನ್ರಿ.’ ಆಗಸ್ಟಿನ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟು ಡಿಸೆಂಬರಿನಲ್ಲಿ ಮರುಪರೀಕ್ಷೆ ಅಂತಾಗಿತ್ತು. ಸುಮಾಗೆ ಅದು ಇನ್ನೊಂದು ನೆಪ ಕೊಟ್ಟಿತು. ‘ಡಿಸೆಂಬರ್ ಮುಗೀಲಿರಿ, ಆಮ್ಯಾಲೆ ಕೆಲಸ ನೋಡ್ತೀನಿ.’

ಮೂರನೇ ಸಲ ಬಂದಾಗ ಕೇಳಿದೆ: ‘ಸಂದರ್ಶನ ಬಿಡು. ಕೆಲಸ ಸಿಕ್ಕೇಬಿಟ್ಟಿದೆ ಅಂದ್ಕೊ. ಮೊದಲನೇ ದಿನ ಒಳಗೆ ಹೋದಿ. ಮುಂದೆ?’

ಕೈಯಲ್ಲಿದ್ದ ಬಸ್ ಟಿಕೆಟನ್ನು ಮಡಚುತ್ತಾ ಕೂತಳು. ಮಡಚಿ ಮಡಚಿ ಅದು ಕಡಲೆಬೇಳೆಯಷ್ಟಾಯಿತು. ಆಮೇಲೆ ಹೇಳಿದಳು: ‘ಮಧ್ಯಾಹ್ನ ಡಬ್ಬಿ ಎಲ್ಲಿ ಕುಂತು ಉಣ್ಣೂದ್ರಿ, ಮೇಡಂ?’

ನಾನು ನಕ್ಕುಬಿಟ್ಟೆ. ಬರೆಯೋಕೂ ನಾಚಿಕೆಯಾಗುತ್ತೆ, ಆದರೆ ನಕ್ಕೆ. ಅವಳ ಮುಖ ಮುಚ್ಚಿಕೊಂಡಿತು. ಹತ್ತು ನಿಮಿಷ ಮಾತಿಲ್ಲ. ತಪ್ಪಾಯ್ತು ಅಂದೆ. ನಾನು ಮೊದಲ ಕೆಲಸಕ್ಕೆ ಸೇರಿದಾಗ ಮೂರು ದಿನ ಡಬ್ಬಿ ಬಿಚ್ಚದೆ ಮನೆಗೆ ವಾಪಸ್ ತಂದಿದ್ದನ್ನೂ ಹೇಳಿದೆ. ಅದು ನಿಜವೇ, ಮರೆತಿದ್ದೆ ಅಷ್ಟೇ.

ಆಗ ಒಂದೊಂದೇ ಹೊರಗೆ ಬಂತು. ಸಾಹೇಬರನ್ನ ಸರ್ ಅನ್ನಬೇಕಾ? ಒಂದಕ್ಕೆ ಹೋಗಬೇಕಾದರೆ ಯಾರನ್ನ ಕೇಳೋದು? ಗೊತ್ತಿಲ್ಲ ಅಂದರೆ ಎಲ್ಲರ ಮುಂದೆ ಬೈತಾರಾ? ಫೋನ್ ರಿಂಗಾದರೆ ನಾನೇ ಎತ್ತಬೇಕಾ? ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಬರೆಸಿದೆ. ಹನ್ನೊಂದು ಪ್ರಶ್ನೆ. ಕೆಎಎಸ್‌ನ ನಾಲ್ಕು ಆಯ್ಕೆಯ ಪ್ರಶ್ನೆಗಳಿಗೆ ವರ್ಷಕ್ಕೂ ಹೆಚ್ಚು ಕಾಲ ತಯಾರಿ ನಡೆಸಿದ್ದ ಹುಡುಗಿಗೆ ಈ ಹನ್ನೊಂದಕ್ಕೆ ಉತ್ತರ ಹೇಳುವವರು ಯಾರೂ ಸಿಕ್ಕಿರಲಿಲ್ಲ. ಅಪ್ಪನದು ಎರಡೆಕರೆ ಹೊಲ, ಅವ್ವ ಹತ್ತಿ ಬಿಡಿಸೋಕೆ ಹೋಗ್ತಾಳೆ. ಆ ಮನೆಯಲ್ಲಿ ಆಫೀಸಿನ ಕುರ್ಚಿ ಮೇಲೆ ಕೂತು ಸಂಬಳ ತಗೊಂಡವರೇ ಇಲ್ಲ. ಅಪ್ಪ ಅಮ್ಮ ಇಬ್ಬರೂ ಬ್ಯಾಂಕಿನಲ್ಲಿರುವ ಮಕ್ಕಳು ಇದನ್ನೆಲ್ಲ ಊಟದ ತಟ್ಟೆ ಮುಂದೆ ಕೂತೇ ಕಲಿತಿರುತ್ತಾರೆ. ಇವಳಿಗೆ ಮಾತ್ರ ನಾವು ‘ಆತ್ಮವಿಶ್ವಾಸ ಕಡಿಮೆ’ ಅಂತ ಹಣೆಪಟ್ಟಿ ಹಚ್ಚುತ್ತೇವೆ.

ನಾನು ಕೊಟ್ಟ ಸಲಹೆ ಚಿಕ್ಕದು. ಸಂದರ್ಶನ ಇಲ್ಲದ ದಿನ ಬಸ್ ಹತ್ತು, ನವನಗರದಲ್ಲಿ ಹೊಟ್ಟೆ ನೋಯಲಿ, ಇಳಿಯಬೇಡ. ಇಳಿದ ಕೂಡಲೇ ಎಷ್ಟು ಹಗುರ ಅನಿಸುತ್ತೆ ಅಲ್ವಾ? ಆ ಹಗುರಕ್ಕೇ ಮನಸ್ಸು ರೂಢಿಯಾಗಿ, ಮುಂದಿನ ಸಲ ಇನ್ನೂ ಬೇಗ ಇಳಿ ಅನ್ನುತ್ತೆ. ಆಫೀಸಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು, ಒಳಗೆ ಹೋಗಿ ಬರುವವರನ್ನು ನೋಡಿ, ಸುಮ್ನೆ ವಾಪಸ್ ಬಾ. ಆ ಹಾಳೆ ಹಿಡಿದು, ಆಡಿಟರ್ ಆಫೀಸಿನಲ್ಲಿರುವ ನಿನ್ನ ಕಾಲೇಜಿನ ಸೀನಿಯರ್ ಯಾರನ್ನಾದರೂ ಹುಡುಕಿ ಕೇಳು. ಆಮೇಲೆ ಸಂದರ್ಶನ. ಪರೀಕ್ಷೆ ಬೇಕಿದ್ದರೆ ಬರಿ, ಆದರೆ ಕೆಲಸದ ಜೊತೆಗೆ ಬರಿ.

ಈ ಕೊನೇ ಮಾತಿಗೆ ಬೈಸಿಕೊಂಡೆ. ‘ಮಗಳು ಆಫೀಸರ್ ಆಗ್ತಾಳಂತ ಬಿಟ್ಟಿದ್ದೆ, ನೀವು ಲೆಕ್ಕಾ ಬರಿಯಾಕ ಹಚ್ಚಿದ್ರಿ,’ ಅಂದರು ಅವಳಪ್ಪ. ಜೊತೆಯಲ್ಲಿ ಕೆಲಸ ಮಾಡುವ ಸಲಹೆಗಾರರೊಬ್ಬರು, ಮೊದಲು ಧೈರ್ಯ ತುಂಬಬೇಕಿತ್ತು, ನೀವು ಅವಸರ ಮಾಡಿದಿರಿ ಅಂದರು. ಇರಬಹುದು. ಆದರೆ ಪಿಜಿ ಕೋಣೆಯಲ್ಲಿ ಕೂತವರಿಗೆ ಧೈರ್ಯ ತಾನಾಗಿ ಬಂದದ್ದನ್ನು ನಾನು ನೋಡಿಲ್ಲ.

ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ ಯುವನಿಧಿಯ ಮೂರು ಸಾವಿರ ಬರ್ತಿದ್ದದ್ದಕ್ಕೇ ಹೀಗೆ ಕೂತಳು ಅಂತ ಯಾರಾದರೂ ಅಂದರೆ ಒಪ್ಪಲಾರೆ. ಪದವೀಧರರಿಗೆ ಅದು ಸಿಗುವುದು ಹೆಚ್ಚೆಂದರೆ ಎರಡು ವರ್ಷ. ಪಿಜಿ ಬಾಡಿಗೆಗೇ ಅದು ಸಾಲುತ್ತಿರಲಿಲ್ಲ. ‘ಕೆಲಸ ಇಲ್ಲ’ ಅಂತ ಆಗಾಗ ತಾನೇ ಘೋಷಣೆ ಕೊಡಬೇಕಲ್ಲ, ಆ ಬಟನ್ ಒತ್ತುವಾಗ ಅಳು ಬರುತ್ತೆ ಅಂದಿದ್ದಳು.

ಮೊದಲ ಆಫೀಸಿನವರು ಬೇಡ ಅಂದರು. ಎರಡನೆಯದರಲ್ಲಿ ತಗೊಂಡರು. ಸಂಬಳ ಕಡಿಮೆಯೇ. ಮೊದಲ ದಿನ ಮಧ್ಯಾಹ್ನ ಮೆಸೇಜ್ ಬಂತು: ‘ಇಲ್ಲಿ ಉಣ್ಣಾಕ ಜಾಗಾನ ಇಲ್ರಿ. ಜೆರಾಕ್ಸ್ ಮಷಿನ್ ಬಾಜೂ ನಿಂತು ಉಂಡ್ವಿ, ನಾವು ಮೂವರು.’

ಹೊಟ್ಟೆನೋವು ಪೂರ್ತಿ ಹೋಗಿಲ್ಲ. ತಿಂಗಳ 20, ವ್ಯಾಪಾರಿಗಳು ತೆರಿಗೆ ಲೆಕ್ಕ ಸಲ್ಲಿಸುವ ಜಿಎಸ್‌ಟಿ 3ಬಿ ರಿಟರ್ನ್‌ಗೆ ಕೊನೇ ದಿನ. ಅದರ ಹಿಂದಿನ ಎರಡು ದಿನ ಈಗಲೂ ಬರುತ್ತಂತೆ. ಹೋದ ಸಲ ಕೇಳಿದಾಗ ನಕ್ಕಳು. ‘ಈಗ ನಂದೊಂದ ಅಲ್ರಿ, ಮೇಡಂ. ಆ ಎರಡು ದಿನ ನಮ್ಮ ಸಾಹೇಬ್ರದೂ ಕೆಡತದ.’